ಚೈತಾಲಿಯ ಬುತ್ತಿ, ಧನರಾಜನ ಹೊಟ್ಟೆ

ದೀಪಾವಳಿಯ ಹೊತ್ತಿಗೆ ಧನರಾಜನ ಅಂಗಿಯ ಕೆಳಗಿನ ಗುಂಡಿ ಹಾಕಲಾಗದಂತಾಯಿತು. ಒಗೆದು ಒಗೆದು ಅಂಗಿ ಕುಗ್ಗಿದೆ ಎಂದು ಅವನು ಅಲೆವೂರಿನ ಮನೆಯಲ್ಲಿ ತಾಯಿಗೆ ಹೇಳಿದ. ಕುಗ್ಗಿದ ಅಂಗಿ ಭುಜದಲ್ಲಿ ಮಾತ್ರ ಸರಿಯಾಗಿ ಹೇಗೆ ಕೂತಿತೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಅವನಲ್ಲಿ ಉತ್ತರವಿತ್ತು. ಪಿಯುಸಿಗೆ ಓದು ನಿಲ್ಲಿಸಿದ್ದಕ್ಕೆ ಒಂದು ಉತ್ತರ, ಗಲ್ಫಿಗೆಂದು ಪಾಸ್‌ಪೋರ್ಟ್ ಮಾಡಿಸಿ ಇಲ್ಲೇ ಉಳಿದದ್ದಕ್ಕೆ ಒಂದು, ಕಟಪಾಡಿಯ ಎಡ್ಮಂಡರ ಶಾಲಾ ವ್ಯಾನಿಗೆ ಸಂಬಳದ ಡ್ರೈವರ್ ಆದದ್ದಕ್ಕೆ ಇನ್ನೊಂದು. "ಮಕ್ಕಳ ಭವಿಷ್ಯ ನನ್ನ ಕೈಯಲ್ಲಿ ಉಂಟು ಮಾರಾಯ" ಎಂದು ಗೆಳೆಯರ ಮುಂದೆ ಸ್ಟೇರಿಂಗ್ ತಿರುಗಿಸಿ ತೋರಿಸುತ್ತಿದ್ದ.

ಹೊಟ್ಟೆಗೆ ನಿಜವಾದ ಕಾರಣ ಅವನ ಬೆನ್ನ ಹಿಂದಿನ ಸೀಟುಗಳಲ್ಲಿತ್ತು.

ಬೆಳಿಗ್ಗೆ ಮಟ್ಟುವಿನಿಂದ ಹೊರಟು ಕಟಪಾಡಿ, ಉದ್ಯಾವರದ ಮಕ್ಕಳನ್ನು ಹತ್ತಿಸಿಕೊಂಡು ಉಡುಪಿಯ ಶಾಲೆಗೆ ಮುಟ್ಟಿಸುವುದು, ಸಂಜೆ ಅದೇ ದಾರಿಯಲ್ಲಿ ಮರಳಿ ತರುವುದು ಅವನ ಕೆಲಸ. ಆರನೆಯ ತರಗತಿಯ ಚೈತಾಲಿಯ ಮನೆ ಮಟ್ಟುವಿನ ತುದಿಯಲ್ಲಿ, ಹೊಳೆಯ ಹತ್ತಿರ. ಹಾಗಾಗಿ ಕೊನೆಗೆ ಇಳಿಯುವವಳು ಅವಳೇ. ಜೂನ್ ತಿಂಗಳ ಒಂದು ಸಂಜೆ ವ್ಯಾನು ನಿಂತರೂ ಅವಳು ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

"ಎಂತ, ಮನೆ ಮರೆತುಹೋಯಿತಾ?"

"ಬುತ್ತಿ ಖಾಲಿಯಾಗಿಲ್ಲ ಅಣ್ಣ. ಅಮ್ಮ ಬೈತಾರೆ."

"ಹೊಳೆಗೆ ಹಾಕು."

"ಅನ್ನ ಬಿಸಾಡಿದರೆ ಪಾಪ ಬರ್ತದೆ."

ಧನರಾಜ ಆ ಮಧ್ಯಾಹ್ನ ಎರಡು ಪ್ಲೇಟು ಗೋಳಿಬಜೆ ತಿಂದು ಅದನ್ನೇ ಊಟವೆಂದು ಕರೆದಿದ್ದ. ಹುಡುಗಿಯನ್ನು ಪಾಪದಿಂದ ಪಾರುಮಾಡುವ ಸಲುವಾಗಿ ಬುತ್ತಿಯ ಮುಚ್ಚಳ ತೆಗೆದ. ಕುಚ್ಚಲಕ್ಕಿ ಅನ್ನ, ಹರಿವೆ ಸೊಪ್ಪಿನ ಪಲ್ಯ, ಹೆಸರುಕಾಳಿನ ಗಸಿ, ಮೂಲೆಯಲ್ಲಿ ಎರಡು ಹೋಳು ಮಾಡಿದ ಬೇಯಿಸಿದ ಮೊಟ್ಟೆ. ಇಂಜಿನ್ ಬಂದ್ ಮಾಡಿದ. ತಿಂದು ಮುಗಿಯುವವರೆಗೆ ಪಾಪದ ನೆನಪು ಮತ್ತೆ ಬರಲಿಲ್ಲ.

"ಯಾರಿಗೂ ಹೇಳಬಾರದು. ಆಣೆ ಹಾಕಿ" ಎಂದಳು ಚೈತಾಲಿ.

ಕೊನೆಯ ತುತ್ತು ಬಾಯಲ್ಲಿದ್ದುದರಿಂದ ಅವನು ತಲೆಯಾಡಿಸಿ ಆಣೆ ಹಾಕಿದ.

ಮಳೆಗಾಲ ಮುಗಿಯುವ ಮೊದಲೇ ವಿಷಯ ಉಳಿದ ಮಕ್ಕಳಿಗೂ ಗೊತ್ತಾಗಿ ಬುತ್ತಿಗಳು ಒಂದೊಂದಾಗಿ ಮುಂದಿನ ಸೀಟಿಗೆ ಬರತೊಡಗಿದವು. ನೂಡಲ್ಸ್, ಚಿಪ್ಸ್, ಜಾಮ್ ಹಚ್ಚಿದ ಬ್ರೆಡ್ಡು ಯಾವತ್ತೂ ಬರುತ್ತಿರಲಿಲ್ಲ. ಅವನ್ನು ಮಕ್ಕಳೇ ಮುಗಿಸಿರುತ್ತಿದ್ದರು. ಸೊಪ್ಪು, ಕಾಳು, ತರಕಾರಿ, ಮೊಟ್ಟೆ ಎಂದು ತಾಯಂದಿರು ಒಳ್ಳೆಯದನ್ನೇ ಹುಡುಕಿ ತುಂಬಿದ್ದು ಮಾತ್ರ ಸೋಸಿದ ಹಾಗೆ ಧನರಾಜನ ಪಾಲಿಗೆ ಉಳಿಯುತ್ತಿತ್ತು. ಮನೆಗಳಲ್ಲಿ ಬುತ್ತಿ ಖಾಲಿಯೆಂದು ಸಂತೋಷ, ವ್ಯಾನಿನಲ್ಲಿ ಬೈಗಳಿಲ್ಲವೆಂದು ಸಂತೋಷ. ಇಷ್ಟು ಜನರನ್ನು ಒಟ್ಟಿಗೆ ಸಂತೋಷಪಡಿಸಿದ ಕೆಲಸವನ್ನು ಧನರಾಜ ಅದಕ್ಕೂ ಮೊದಲು ಮಾಡಿರಲಿಲ್ಲ. ಎಲ್ಲಕ್ಕಿಂತ ರುಚಿಯಾದ ಬುತ್ತಿ ಚೈತಾಲಿಯದು. ಅದನ್ನು ತಿನ್ನುವ ಹೊತ್ತಿಗೆ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿರುತ್ತಿದ್ದಳು. ಈಗಿನ ಮಕ್ಕಳಿಗೆ ಓದು ಜಾಸ್ತಿ, ಪಾಪ, ಎಂದುಕೊಂಡು ಅವನು ಸದ್ದಾಗದಂತೆ ಅಗಿಯುತ್ತಿದ್ದ.

ಜನವರಿಯಲ್ಲಿ ಶಾಲೆಯವರು ಆರೋಗ್ಯ ತಪಾಸಣೆ ಇಟ್ಟರು. ಮಕ್ಕಳದ್ದು ಮುಗಿದ ಮೇಲೆ ವ್ಯಾನಿನ ಡ್ರೈವರುಗಳದ್ದೂ ಆಗಬೇಕೆಂದು ಹೇಳಿದ್ದರಿಂದ ಧನರಾಜನೂ ಬೆರಳು ಚಾಚಿ ಕೂತ. ನರ್ಸ್ ಡೈನಾ ರಕ್ತದ ಹನಿ ತೆಗೆದು ಯಂತ್ರ ನೋಡಿದಳು, ಮತ್ತೊಮ್ಮೆ ಅವನ ಮುಖ ನೋಡಿದಳು.

"ಹಿಮೋಗ್ಲೋಬಿನ್ ಹದಿನಾರು! ಎಂತ ತಿಂತೀರಿ ಮಾರಾಯ್ರೆ? ಉಳಿದ ಡ್ರೈವರುಗಳೆಲ್ಲ ಬನ್ಸು, ಚಾ ಅಂತ ಹೇಳಿದರು."

"ಮನೆ ಊಟ" ಎಂದ ಧನರಾಜ, ಯಾರ ಮನೆಯದೆಂದು ಬಿಡಿಸಿ ಹೇಳದೆ.

"ಹೊಟ್ಟೆ ಸ್ವಲ್ಪ ಕಡಿಮೆ ಮಾಡಿ, ಆಯ್ತಾ? ಈ ಮಕ್ಕಳ ಅವಸ್ಥೆ ನೋಡಿದರೆ ಬೇಜಾರಾಗ್ತದೆ. ನಿಮ್ಮ ಮಟ್ಟುವಿನ ಹುಡುಗಿಗೆ ಎಂಟು. ಮೆಟ್ಟಿಲು ಹತ್ತಿದರೆ ಏದುಸಿರು ಬರ್ತದಂತೆ. ಮನೆಯಲ್ಲಿ ಎಂತ ಕೊಡ್ತಾರೋ ದೇವರಿಗೇ ಗೊತ್ತು."

ದೇವರಿಗೆ ಗೊತ್ತಿತ್ತೋ ಇಲ್ಲವೋ, ಧನರಾಜನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಕೊಟ್ಟದ್ದು ಬಸಳೆ ಸೊಪ್ಪು, ಕಡಲೆ ಹಾಕಿದ್ದು. ಬೆರಳಿಗೆ ಹತ್ತಿ ಒತ್ತಿಕೊಂಡು ವ್ಯಾನಿನವರೆಗೆ ನಡೆಯುವಾಗ ಅವನಿಗೆ ತನ್ನ ಹದಿನಾರರ ಬಗ್ಗೆ ಒಂದು ವಿಚಿತ್ರ ನಾಚಿಕೆಯಾಯಿತು. ಬೇರೆಯವರ ಚಪ್ಪಲಿ ಹಾಕಿಕೊಂಡು ಮದುವೆ ಮನೆಯಿಂದ ಹೊರಟವನ ಹಾಗೆ.

ಆ ಸಂಜೆ ಚೈತಾಲಿಯ ಬುತ್ತಿಗೆ ಅವನು ಕೈ ಚಾಚಲಿಲ್ಲ. ಅವಳೇ ಮುಂದೆ ಚಾಚಿದಳು. "ಅಣ್ಣ, ತಿನ್ನಿ. ತುಂಬಿದ ಬುತ್ತಿ ನೋಡಿದರೆ ಅಮ್ಮನಿಗೆ ಗೊತ್ತಾಗ್ತದೆ." ಅವನು ಒಂದೊಂದೇ ತುತ್ತು ಎಣಿಸಿದ ಹಾಗೆ ತಿಂದು ಬುತ್ತಿ ಖಾಲಿ ಮಾಡಿದ.

ಅವಳ ತಾಯಿ ಕುಶಲಾ ಗುಳ್ಳ ಬದನೆಯ ಗದ್ದೆಯಿಂದ ನೇರವಾಗಿ ಬಂದು, ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು ರಸ್ತೆಯಲ್ಲೇ ನಿಂತಿದ್ದಳು. ಶಾಲೆಯ ಚೀಟಿಯ ಫೋಟೊ ಅವಳ ಮೊಬೈಲಿಗೆ ಆಗಲೇ ಬಂದಿತ್ತು.

"ನೋಡು ಧನರಾಜ, ಪೌಷ್ಟಿಕ ಆಹಾರ ಕೊಡಿ ಅಂತ ಬರೆದಿದ್ದಾರೆ. ನಾನು ಕೊಡುವುದು ಎಂತ ಹಾಗಾದರೆ, ಹುಲ್ಲಾ? ಬುತ್ತಿ ತೊಳೆದ ಹಾಗೆ ಖಾಲಿಯಾಗಿ ಬರ್ತದೆ ದಿನಾ. ಅಷ್ಟು ತಿಂದೂ ಮೈಗೆ ಹಿಡಿಯುವುದಿಲ್ಲ ಅಂದರೆ ಒಳಗೆ ಎಂತದೋ ಉಂಟು. ಇವಳ ಅಪ್ಪ ಮಸ್ಕತ್‌ನಿಂದ ಫೋನ್ ಮಾಡಿ ನಾಳೆಯೇ ಮಣಿಪಾಲಕ್ಕೆ ಕರ್ಕೊಂಡು ಹೋಗು ಅಂತಿದ್ದಾರೆ. ಪಕ್ಕದ ಮನೆಯವರು ಹೇಳಿದರು, ಹೊಟ್ಟೆಯೊಳಗೆ ಪೈಪು ಇಳಿಸಿ ಕ್ಯಾಮೆರಾದಲ್ಲಿ ನೋಡ್ತಾರಂತೆ." ಅವಳ ಸ್ವರ ಒಡೆಯಿತು. "ಇಷ್ಟು ಸಣ್ಣ ಹುಡುಗಿಗೆ."

ತಾಯಿಯ ಹಿಂದೆ ನಿಂತ ಚೈತಾಲಿ ಧನರಾಜನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಆಣೆಯ ನೆನಪೂ ಇತ್ತು, ಪೈಪಿನ ಹೆದರಿಕೆಯೂ ಇತ್ತು. ಧನರಾಜ ಬಾಯಿ ತೆರೆದ.

"ಹೌದಕ್ಕ, ತೋರಿಸಿಬಿಡುವುದು ಒಳ್ಳೆಯದು" ಎಂಬ ಮಾತು ಹೊರಗೆ ಬಂತು. ಹೇಳಿ ವ್ಯಾನು ತಿರುಗಿಸಿದ. ಕಟಪಾಡಿ ಮುಟ್ಟುವವರೆಗೂ ಆ ವಾಕ್ಯವನ್ನು ಹೇಳಿದ ಗಂಡಸಿಗೆ ಬಾಯಿಗೆ ಬಂದ ಹಾಗೆ ಬೈಯುತ್ತ ಹೋದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ತನ್ನ ಹೊಟ್ಟೆಯಲ್ಲಿರುವುದನ್ನು ಮಣಿಪಾಲದ ಡಾಕ್ಟರುಗಳು ಆ ಹುಡುಗಿಯ ಹೊಟ್ಟೆಯಲ್ಲಿ ಹುಡುಕುತ್ತಾರೆ.

ಮರುದಿನ ಬೆಳಿಗ್ಗೆ ಚೈತಾಲಿ ಯೂನಿಫಾರ್ಮಿನಲ್ಲಿ ಇರಲಿಲ್ಲ. ಕುಶಲಾ ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದಳು. "ಇವಳು ಇವತ್ತು ಶಾಲೆಗಿಲ್ಲ. ನಮ್ಮನ್ನು ಕಟಪಾಡಿಯಲ್ಲಿ ಇಳಿಸು, ಬಸ್ಸು ಹಿಡಿಯುತ್ತೇವೆ."

ಧನರಾಜ ಸೀಟಿನಿಂದ ಇಳಿದ. ಕುಳಿತಲ್ಲಿಂದ ಹೇಳುವ ಮಾತಲ್ಲವೆಂದು ಅವನಿಗೆ ಅನಿಸಿತ್ತು.

"ಕುಶಲಕ್ಕ, ಅವಳ ಹೊಟ್ಟೆಗೆ ಎಂತದೂ ಆಗಿಲ್ಲ. ಬುತ್ತಿ ಅವಳು ತಿಂದದ್ದೇ ಇಲ್ಲ. ನಾನು ತಿಂದದ್ದು."

"ಯಾವತ್ತು?"

"ಜೂನ್‌ನಿಂದ."

ಕುಶಲಾ ಅವನ ಮುಖ ನೋಡಿದಳು, ಆಮೇಲೆ ಅಂಗಿಯ ಗುಂಡಿ ಹಾಕದ ಜಾಗ ನೋಡಿದಳು.

"ಬಸಳೆ?"

"ತಿಂದೆ ಅಕ್ಕ."

"ಮೊಟ್ಟೆ?"

"ಮೊಟ್ಟೆಯೂ."

"ಮೊನ್ನೆ ಗುಳ್ಳದ ಹುಳಿಗೆ ಉಪ್ಪು ಜಾಸ್ತಿಯಾಗಿತ್ತು. ಅದನ್ನೂ?"

"ಸ್ವಲ್ಪ ಜಾಸ್ತಿಯಿತ್ತು. ಆದರೂ ಒಳ್ಳೆಯದಿತ್ತು."

"ನಾಚಿಕೆ ಆಗುವುದಿಲ್ವಾ ನಿನಗೆ! ಮಗುವಿನ ಅನ್ನ ತಿಂದು ಉಪ್ಪಿನ ಲೆಕ್ಕ ಬೇರೆ ಹೇಳ್ತಿ!" ಎಂದು ಕೂಗಿದವಳು ಅಲ್ಲೇ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಅತ್ತಳು. ಅಳುವಿನಲ್ಲಿ ಸಿಟ್ಟಿಗಿಂತ ಸಮಾಧಾನ ಹೆಚ್ಚಿದ್ದಂತೆ ಧನರಾಜನಿಗೆ ಕಂಡಿತು. ತನಗೆ ಅನುಕೂಲವಾಗುವಂತೆ ಕಾಣುವುದು ಅವನ ಅಭ್ಯಾಸ. ಸ್ವಲ್ಪ ಹೊತ್ತಿನ ಮೇಲೆ ಅವಳು ಮಗಳ ಕೈ ಹಿಡಿದೆಳೆದಳು. "ಯಾಕೆ ತಿನ್ನಲಿಲ್ಲ? ರುಚಿ ಇಲ್ವಾ?"

"ರುಚಿ ಉಂಟು ಅಮ್ಮ. ಹೊತ್ತೇ ಸಾಕಾಗುವುದಿಲ್ಲ. ಕೈ ತೊಳೆಯುವಲ್ಲಿ ದೊಡ್ಡ ಲೈನು. ಕುಚ್ಚಲಕ್ಕಿ ಅನ್ನ ಅಗಿದು ಅಗಿದು ಅರ್ಧ ಆಗುವಾಗ ಎಲ್ಲರೂ ಆಟಕ್ಕೆ ಓಡಿ ಆಗಿರ್ತದೆ. ಬೆಂಚಿನಲ್ಲಿ ನಾನೊಬ್ಬಳೇ." ಚೈತಾಲಿ ಮೂಗು ಒರೆಸಿಕೊಂಡಳು. "ಅದಕ್ಕೆ ನಮ್ಮ ಕ್ಲಾಸಿನ ವಿಜೇತಾ ಕೊಟ್ಟ ಬಿಸ್ಕತ್ತು ತಿಂದು ನಾನೂ ಓಡುವುದು."

ಆ ದಿನ ಮಣಿಪಾಲಕ್ಕೆ ಹೋಗುವುದು ನಿಂತಿತು. ಬುತ್ತಿ ಹೊಟ್ಟೆಗೆ ಹೋದ ಮೇಲೂ ರಕ್ತ ಏರದಿದ್ದರೆ ಆಗ ನೋಡುವ ಎಂದು ಕುಶಲಾ ತೀರ್ಮಾನಿಸಿ ಮಗಳನ್ನು ಯೂನಿಫಾರ್ಮ್ ಹಾಕಲು ಒಳಗೆ ಅಟ್ಟಿದಳು. ವ್ಯಾನು ಕಾದಿತು. ಎಲ್ಲರೂ ಶಾಲೆಗೆ ತಡವಾಗಿ ಮುಟ್ಟಿದರು.

ಸಂಜೆಯೊಳಗೆ ಸುದ್ದಿ ಪೋಷಕರ ಗುಂಪಿಗೆಲ್ಲ ಹಬ್ಬಿತ್ತು. "ನಿನ್ನನ್ನು ಇಟ್ಟದ್ದು ವ್ಯಾನು ಓಡಿಸಲಿಕ್ಕೆ, ಬುತ್ತಿ ಬಳಿಯಲಿಕ್ಕಲ್ಲ" ಎಂದು ಎಡ್ಮಂಡ್ ಕೂಗಾಡಿದರು. ಮಟ್ಟುವಿನ ಆ ಕಿರಿದಾದ ರಸ್ತೆಯಲ್ಲಿ ಎದುರು ಬಸ್ಸು ಬಂದರೆ ವ್ಯಾನನ್ನು ಹಿಂದಕ್ಕೆ ತರಬಲ್ಲ ಇನ್ನೊಬ್ಬ ಡ್ರೈವರ್ ಸಿಗದ ಕಾರಣ ಕೆಲಸ ಉಳಿಯಿತು. ತಾಯಂದಿರು ಶಾಲೆಗೆ ಹೋಗಿ ಊಟದ ಬಿಡುವು ಹೆಚ್ಚಿಸಬೇಕೆಂದು ಕೇಳಿದರು. ಆಟದ ಮೈದಾನಕ್ಕೆ ಬಿಡುವ ಮೊದಲು ಎಲ್ಲರೂ ಕೂತು ಉಣ್ಣಬೇಕು ಎಂಬ ನಿಯಮ ಬಂತು. ಬಿಡುವು ಮಾತ್ರ ಇದ್ದಷ್ಟೇ ಉಳಿಯಿತು. ಕುಶಲಾ ಅನ್ನ ಬಿಟ್ಟು ನುಗ್ಗೆ ಸೊಪ್ಪು ಹಾಕಿದ ದಪ್ಪ ದೋಸೆ, ಹೆಸರುಕಾಳು ಸೇರಿಸಿದ ಸಣ್ಣ ಅಕ್ಕಿಯುಂಡೆ ಪುಂಡಿ, ಹೀಗೆ ಕೈಯಲ್ಲಿ ಹಿಡಿದು ಬೇಗ ತಿನ್ನುವಂಥದ್ದು ಮಾಡಿ ಕಟ್ಟತೊಡಗಿದಳು. ಕುಚ್ಚಲಕ್ಕಿ ಅನ್ನ ರಾತ್ರಿಯ ಪಾಲಾಯಿತು. ಕಾಪುವಿನ ಆಸ್ಪತ್ರೆಯಿಂದ ಕಬ್ಬಿಣಾಂಶದ ಮಾತ್ರೆಯೂ ಬಂತು.

ವ್ಯಾನಿನಲ್ಲಿ ಧನರಾಜನನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಆಣೆ ಮುರಿದವನೊಡನೆ ಮಾತಿಲ್ಲವೆಂದು ಚೈತಾಲಿ ತೀರ್ಮಾನಿಸಿದ್ದಳು, ಉಳಿದವರು ಅವಳ ಪಕ್ಷ. ಕನ್ನಡಿಯಲ್ಲಿ ಅವನು ನೋಡಿದರೆ ಎಲ್ಲರೂ ಒಟ್ಟಿಗೆ ಕಿಟಕಿಯ ಕಡೆ ತಿರುಗುತ್ತಿದ್ದರು. ತನಗೆ ಸಿಕ್ಕಬೇಕಾದ ಶಿಕ್ಷೆಯೇ ಇದು ಎಂದು ಅವನಿಗೆ ಗೊತ್ತಿತ್ತು. ರೇಡಿಯೋ ಹಾಕುವ ಧೈರ್ಯವೂ ಬರಲಿಲ್ಲ.

ಮಾರ್ಚಿನಲ್ಲಿ ಕಾಪುವಿನ ಆಸ್ಪತ್ರೆಯಲ್ಲಿ ಮತ್ತೆ ರಕ್ತ ನೋಡಿಸಿ ಬಂದ ಕುಶಲಾ ವ್ಯಾನಿನ ಕಿಟಕಿಗೆ ಬಾಗಿ, "ರಕ್ತ ಹತ್ತೂವರೆ ಆಯ್ತು. ಮಾತ್ರೆ ಇನ್ನೂ ಸ್ವಲ್ಪ ಸಮಯ ಬೇಕಂತೆ" ಎಂದಳು. ಅವನಿಗೆ ಅಷ್ಟೇ ಸಾಕಾಯಿತು.

ಮರುದಿನ ಸಂಜೆ ಉಳಿದವರೆಲ್ಲ ಇಳಿದ ಮೇಲೆ ಚೈತಾಲಿ ನಿದ್ದೆ ಮಾಡದೆ ಮುಂದಿನ ಸೀಟಿಗೆ ಬಂದು ಕೂತಳು.

"ಈಗ ನಿಮಗೆ ಹಸಿವಾಗುವುದಿಲ್ವಾ?"

"ಆಗ್ತದೆ" ಎಂದ ಧನರಾಜ.

"ನಿಮ್ಮ ಅಮ್ಮನಿಗೆ ಅಡಿಗೆ ಬರುವುದಿಲ್ವಾ?"

"ಬರ್ತದೆ."

"ಮತ್ತೆಂತ? ಬುತ್ತಿ ತನ್ನಿ" ಎಂದಳು. "ತಂದದ್ದನ್ನು ನೀವೇ ತಿನ್ನಬೇಕು, ಆಯ್ತಾ? ನನಗೆ ಕೊಡಲಿಕ್ಕೆ ಬರಬೇಡಿ."