ಹಳದಿ ಗೆರೆಯ ಭಾನುವಾರಗಳು

ಭಾನುವಾರ ಹೊತ್ತು ನೆತ್ತಿಗೆ ಬರುವವರೆಗೆ ಮಲಗುವುದು ನನ್ನ ಜನ್ಮಸಿದ್ಧ ಹಕ್ಕು ಎಂದು ನಾನು ನಂಬಿದ್ದ ಕಾಲ ಅದು. ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ, ರಾಜಗೋಪಾಲನಗರದಲ್ಲಿ ಶೀಟಿನ ಮನೆಯ ಒಂದು ಕೋಣೆ. ವಾರವೆಲ್ಲ ಪಕ್ಕದ ಶೆಡ್ಡಿನ ಲೇತ್ ಕಿರುಚುತ್ತಿತ್ತು. ಭಾನುವಾರ ಅದಕ್ಕೂ ರಜೆ, ನನಗೂ ರಜೆ. ಆ ಸುಖಕ್ಕೆ ಕಲ್ಲು ಹಾಕಿದವರು ಜರ್ಮನಿಯಿಂದ ಬಂದ ಫಿಟ್ಟರ್ ಸಾಹೇಬರು.

ನಮ್ಮ ಕಾರ್ಖಾನೆ ತರಿಸಿದ್ದ ದೊಡ್ಡ ಮಿಷನ್ನನ್ನು ಜೋಡಿಸಿ, ಓಡಿಸಿ ತೋರಿಸಿ ಹೋಗಲು ಬಂದವರು ಅವರು. ಮಿಷನ್ನಿನ ಅರ್ಧ ಭಾಗ ಮದ್ರಾಸಿನ ಬಂದರಿನಲ್ಲಿ ಸಿಕ್ಕಿಕೊಂಡಿತು, ಸಾಹೇಬರು ನಮ್ಮಲ್ಲಿ ಸಿಕ್ಕಿಕೊಂಡರು. ಮ್ಯಾನೇಜರು ನನ್ನನ್ನು ಕರೆದು, "ನೋಡಪ್ಪಾ, ನಿನಗೆ ಇಂಗ್ಲಿಷ್ ಬರುತ್ತೆ, ಮದುವೆ ಬೇರೆ ಆಗಿಲ್ಲ. ಭಾನುವಾರ ಇವರನ್ನ ಸ್ವಲ್ಪ ಸುತ್ತಾಡಿಸ್ಕೊಂಡು ಬಾ" ಅಂದರು. ನಾನು ಬಳ್ಳಾರಿ ಕಡೆಯವನು. ಬೆಂಗಳೂರಿಗೆ ಬಂದು ವರ್ಷ ತುಂಬಿರಲಿಲ್ಲ, ಮೆಜೆಸ್ಟಿಕ್ಕಿನಲ್ಲೇ ದಾರಿ ತಪ್ಪುತ್ತಿದ್ದೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನೇ ಗೈಡ್ ಆದೆ.

ಮೊದಲು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಸಾಹೇಬರು ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು, ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಬಂದಿದ್ದರು. ಗಾಜಿನ ಮನೆಯನ್ನು ಕಣ್ಣೆತ್ತಿಯೂ ನೋಡದೆ ತೋಟವನ್ನೆಲ್ಲ ಸರಸರ ಸುತ್ತಿ ಬಂದು, "ಮುಗಿಯಿತೇ?" ಎಂದು ಕೇಳಿದರು. ಮುಂದಿನ ವಾರ ಕಬ್ಬನ್ ಪಾರ್ಕಿನದೂ ಇದೇ ಗತಿ. ಅವರಿಗೆ ಬೇಕಾದದ್ದು ನೋಡುವ ಜಾಗವಲ್ಲ, ನಡೆಯುವ ಜಾಗ. ಊರು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕರೆದುಕೊಂಡು ಹೋಗು ಅಂದರು. ಊರು ಆಗ ನಮ್ಮ ಕಾರ್ಖಾನೆಯ ಹಿಂದೆಯೇ ಮುಗಿಯುತ್ತಿತ್ತು. ಕೊನೆಯ ಕಾಂಪೌಂಡ್ ಗೋಡೆ ದಾಟಿದರೆ ರಾಗಿ ಹೊಲ, ನೀಲಗಿರಿ ತೋಪು, ಒಂದು ಕೆರೆ, ಕೆರೆಯಾಚೆ ಒಂದು ಪುಟ್ಟ ಹಳ್ಳಿ.

ಸುಮ್ಮನೆ ನಡೆಯುವುದು ಎಷ್ಟು ಅನುಮಾನದ ಕೆಲಸ ಎಂದು ನನಗೆ ಗೊತ್ತಾದದ್ದು ಅಲ್ಲಿ. ಎದುರು ಬಂದವರೆಲ್ಲ ನಿಂತು ಕೇಳುತ್ತಿದ್ದರು.

"ಯಾವೂರ್ಗೆ ಸಾಮಿ?"

"ಯಾವೂರಿಗೂ ಇಲ್ಲ. ಸುಮ್ನೆ ನಡೀತಾ ಇದೀವಿ."

"ಸುಮ್ಕೆ ಯಾರಾದ್ರೂ ನಡೀತಾರಾ?"

ಅವರ ಮಾತು ನನಗೆ ನೂರಕ್ಕೆ ನೂರು ಸರಿ ಅನ್ನಿಸುತ್ತಿತ್ತು. ಉರಿಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಡೆಯುವವನು ಒಂದೋ ಹುಚ್ಚನಿರಬೇಕು, ಇಲ್ಲವೇ ಸರ್ಕಾರದವನಿರಬೇಕು. ನಮ್ಮಿಬ್ಬರನ್ನೂ ಹುಚ್ಚರೆಂದುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುವಾರ ಸಾಹೇಬರ ಚೀಲದಲ್ಲಿ ಒಂದು ಡಬ್ಬ ಇತ್ತು. ನಮ್ಮ ಪೇಂಟ್ ಶಾಪಿನಿಂದ ಕೇಳಿ ತಂದ ಹಳದಿ ಬಣ್ಣ, ಜೊತೆಗೆ ಒಂದು ಬ್ರಷ್ಷು. ಇದೇಕೆ ಎಂದು ಕೇಳಿದೆ. ಅವರ ದೇಶದಲ್ಲಿ ಕಾಡು ಸುತ್ತುವವರ ಸಂಘಗಳಿವೆಯಂತೆ. ಮರಕ್ಕೆ, ಬಂಡೆಗೆ ಬಣ್ಣದ ಗೆರೆ ಎಳೆದು ದಾರಿ ಗುರುತು ಮಾಡುತ್ತಾರಂತೆ. ಮುಂದೆ ಯಾರು ಬಂದರೂ ಗೆರೆ ಹಿಡಿದು ಹೋಗಬಹುದು, ದಾರಿ ತಪ್ಪುವುದೇ ಇಲ್ಲ.

"ನಮ್ಮಲ್ಲಿ ದಾರಿ ತಪ್ಪಿದರೆ ಕೇಳುತ್ತೇವೆ" ಅಂದೆ.

"ಕೇಳಲು ಯಾರೂ ಇಲ್ಲದಿದ್ದರೆ?" ಎಂದರು.

ಈ ದೇಶದಲ್ಲಿ ಕೇಳಲು ಯಾರೂ ಇಲ್ಲದ ಜಾಗ ಇನ್ನೂ ಹುಟ್ಟಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂದು ಮನಸ್ಸಿನಲ್ಲೇ ಬೈದುಕೊಂಡು ಡಬ್ಬ ಹಿಡಿದು ಹಿಂದೆ ನಡೆದೆ. ಬದುವಿನ ಕಲ್ಲಿಗೊಂದು ಗೆರೆ, ಹುಣಸೆ ಮರಕ್ಕೊಂದು ಗೆರೆ, ತೂಬಿನ ಗೋಡೆಗೊಂದು ಗೆರೆ. ಕೆರೆ ಬಳಸಿ, ಹಳ್ಳಿ ದಾಟಿ, ನೀಲಗಿರಿ ತೋಪಿನ ತನಕ ಎಳೆದದ್ದಾಯಿತು. ಸಾಹೇಬರು ಹಿಂತಿರುಗಿ ನೋಡಿ ತೃಪ್ತಿಯಿಂದ "ಸಾಕು" ಅಂದರು. ಅವರು ಕಲಿತಿದ್ದ ಕನ್ನಡ ಅದೊಂದೇ.

ಮುಂದಿನ ಭಾನುವಾರ ಗೆರೆ ಹಿಡಿದು ಹೊರಟೆವು. ಮೊದಲ ಕಲ್ಲು ಸರಿಯಾಗಿ ಸಿಕ್ಕಿತು. ಎರಡನೆಯದು ನಮ್ಮನ್ನು ಒಂದು ತಿಪ್ಪೆಗುಂಡಿಗೆ ಕರೆದೊಯ್ದಿತು. ಅಲ್ಲಿಂದ ಮುಂದಿನದು ಹೆಂಡದಂಗಡಿಯ ಹಿತ್ತಿಲಿಗೆ. ಅಲ್ಲಿಂದ ಮುಂದೆ ಹೋದರೆ ಅದೇ ತಿಪ್ಪೆಗುಂಡಿ. ಸಾಹೇಬರು ದಿಕ್ಸೂಚಿ ತೆಗೆದು ನೋಡಿದರು, ಸೂರ್ಯನನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಟೊಮೇಟೊ ಆಗಿತ್ತು. ಹುಣಸೆ ಮರದ ಗೆರೆಯ ಮೇಲೆ ಯಾರೋ ದಪ್ಪಗೆ ಸಗಣಿ ಬಳಿದಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟನ ದಾರಿಯನ್ನೂ ಯಾರೋ ಕದ್ದಿದ್ದರು.

ಗುಟ್ಟು ಬಿಚ್ಚಿದವನು ದಪ್ಪ ಮೀಸೆಯ ಒಬ್ಬ ರೈತ. ಕಾದು ಕುಳಿತವನಂತೆ ಓಡಿಬಂದು ಎಳನೀರು ಕೆತ್ತಿ ಕೈಗೆ ಕೊಟ್ಟ. "ಬನ್ನಿ ಸಾರ್, ನಮ್ಮ ಒಲ ನೋಡಿ" ಎಂದು ಎಳೆದುಕೊಂಡು ಹೋದ. ಹೊಲದ ತುಂಬ ಬಂಡೆ. ಬಂಡೆಗಳಿಗೆಲ್ಲ ಹಳದಿ ಗೆರೆ! ಬಾವಿಯ ಕಟ್ಟೆಗೆ ಗೆರೆ, ಗುಡಿಸಿಲಿನ ಕಂಬಕ್ಕೆ ಗೆರೆ, ಅಲ್ಲೇ ಕಟ್ಟಿದ್ದ ಎತ್ತಿನ ಕೊಂಬಿಗೂ ಗೆರೆ. ಸಾಹೇಬರು ಎಳೆದದ್ದು ಇದರಲ್ಲಿ ಒಂದೂ ಇರಲಿಲ್ಲ.

"ಏನಪ್ಪಾ ಇದು?" ಅಂದೆ.

"ಕಾರ್ಖಾನೆಗೆ ಜಮೀನು ತಗೋತೀರಲ್ಲ ಸಾರ್, ನಮ್ದು ಪೂರ್ತಿ ತಗೊಂಬುಡಿ. ಈ ಬಂಡೇಲಿ ಉಲ್ಲೂ ಬೆಳೆಯಾಕಿಲ್ಲ. ನಮ್ಮ ಉಡುಗಂಗೆ ಒಂದು ಕೆಲಸ ಕೊಡ್ಸಿ, ಅಷ್ಟೇಯ."

ನನಗೆ ತಲೆ ತಿರುಗಿತು. ಪೀಣ್ಯಕ್ಕೆಂದು ಸರ್ಕಾರ ಸುತ್ತಲಿನ ಜಮೀನು ಹಿಡಿಯುತ್ತಿದ್ದ ಕಾಲ. ಮೊದಲು ಯಾರೋ ಬಂದು ಗುರುತು ಹಾಕುತ್ತಾರೆ, ಆಮೇಲೆ ನೋಟೀಸು ಬರುತ್ತದೆ, ಆಮೇಲೆ ಬೇಲಿ. ಪಕ್ಕದ ಊರುಗಳಲ್ಲಿ ಹೀಗೇ ಆಗಿತ್ತು. ಅಂದರೆ ನಾವು ಬಣ್ಣ ಬಳಿದು ಹೋದ ಮೇಲೆ ಇಡೀ ಹಳ್ಳಿ ರಾತ್ರೋರಾತ್ರಿ ಎದ್ದು, ಜಮೀನು ಬಿಡಲು ಮನಸ್ಸಿಲ್ಲದವರು ಗೆರೆಯ ಕಲ್ಲನ್ನು ಪಕ್ಕದವನ ಹೊಲಕ್ಕೆ ದಾಟಿಸಿದ್ದರು. ಪಕ್ಕದವನು ಅವನ ಪಕ್ಕದವನಿಗೆ. ಕೊನೆಗೆ ಯಾರ ಹೊಲವೂ ಅಲ್ಲದ ತಿಪ್ಪೆಗುಂಡಿಯ ಹತ್ತಿರ ಕಲ್ಲುಗಳ ಸಭೆ ಸೇರಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ. "ನಾವು ಸರ್ಕಾರದವರಲ್ಲ ಕಣ್ರೀ! ಈ ಮನುಷ್ಯನಿಗೆ ನಡೆಯೋ ಹುಚ್ಚು, ಅಷ್ಟೇ!" ಎಂದು ಕೂಗಿದೆ. ಸುತ್ತ ಸೇರಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಊರಿಗೆ ಬಂದಿದ್ದವರೂ ಮೊದಮೊದಲು ಹೀಗೇ ಅಂದಿದ್ದರಂತೆ. ನಾನು ಅಲ್ಲ ಅಲ್ಲ ಎಂದಷ್ಟೂ ಅವರಿಗೆ ಹೌದು ಹೌದು ಎಂದು ಖಾತ್ರಿಯಾಗುತ್ತಾ ಹೋಯಿತು.

ಅಷ್ಟೇ ಆಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದೆ. ಆದರೆ ಮೀಸೆಯವನನ್ನೂ ಜನರನ್ನೂ ಬೆನ್ನಿಗೆ ಕಟ್ಟಿಕೊಂಡು ಹೊರಟವನಿಗೆ ಊರ ಕೊನೆಗೆ ಒಂದು ಹೊಲ ಕಂಡಿತು. ಮಳೆ ಹದವಾಗಿ ಬಿದ್ದು ಸುತ್ತಲೂ ರಾಗಿ ಬಿತ್ತನೆ ಮುಗಿದಿತ್ತು, ಹಸಿರು ಮೊಳಕೆ ಎದ್ದಿತ್ತು. ಅದೊಂದು ಹೊಲ ಮಾತ್ರ ಉತ್ತು ಹಾಗೇ ಬಿಟ್ಟಿದ್ದರು. ಬದುವಿನಲ್ಲಿ ನಮ್ಮ ಹಳದಿ ಗೆರೆಯ ಬಂಡೆ. ಆನೆ ಗಾತ್ರದ್ದು, ಯಾರೂ ಎತ್ತಿ ಪಕ್ಕಕ್ಕೆ ಹಾಕುವಂತಿರಲಿಲ್ಲ. ಅದರ ನೆರಳಿನಲ್ಲಿ ಒಬ್ಬಳು ಅಜ್ಜಿ ಕೂತಿದ್ದಳು.

"ಯಾಕಮ್ಮ ಬಿತ್ತಿಲ್ಲ?" ಎಂದು ಕೇಳಿದೆ.

"ನಿಮ್ಮ ಒಲ ಆದ್ಮೇಕೆ ನಾನ್ಯಾಕೆ ಬಿತ್ತಲಿ ಸಾಮಿ? ಬೀಜ ಮಣ್ಣಿಗೆ ಆಕಿ, ಪೈರು ಬಂದ್ಮೇಕೆ ನೀವು ಬೇಲಿ ಆಕುದ್ರೆ ಒಟ್ಟೆಗೇನು ತಿನ್ಲಿ? ಬೀಜನಾದ್ರೂ ಇಟ್ಟು ಮಾಡ್ಕಂಡು ಉಂತೀನಿ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇನ್ನೊಂದು ವಾರ ಕಳೆದರೆ ಹದ ಹೋಗುತ್ತದೆ, ಬಿತ್ತಿದರೂ ಪ್ರಯೋಜನವಿಲ್ಲ, ಇವಳ ಇಡೀ ವರ್ಷದ ಊಟ ಹೋಗುತ್ತದೆ. ಅದೂ ಯಾವುದಕ್ಕೆ? ಒಬ್ಬ ಜರ್ಮನ್ನನಿಗೆ ದಾರಿ ತಪ್ಪದಿರಲಿ ಎಂಬುದಕ್ಕೆ! ಸಾಹೇಬರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಬೆಳ್ಳಗಾದರು. ನನಗೆ ಹೇಳಿ ಮೀಸೆಯವನಿಂದ ಸೀಮೆಎಣ್ಣೆ ತರಿಸಿ, ತಮ್ಮ ಕರವಸ್ತ್ರದಿಂದಲೇ ಬಂಡೆಯನ್ನು ತಿಕ್ಕಿ ತಿಕ್ಕಿ ಗೆರೆ ಅಳಿಸಿದರು. ಚಡ್ಡಿಯೆಲ್ಲ ಹಳದಿಯಾಯಿತು.

ಅಜ್ಜಿ ಎಲ್ಲವನ್ನೂ ನೋಡಿ, "ಕಲ್ಲಲ್ಲಿ ಅಳಿಸುದ್ರೆ ಆಯ್ತಾ? ಆಪೀಸ್ನಾಗೆ ಇರ್ತದಲ್ಲ" ಅಂದಳು. ಮೇಲೆದ್ದು ಗುಡಿಸಿಲಿನಿಂದ ಒಂದು ಕೆಂಪು ಹುಂಜ ಹಿಡಿದು ತಂದು ನನ್ನ ಮುಂದೆ ಚಾಚಿದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಬೇಡಮ್ಮ, ಬೇಡವೇ ಬೇಡ. ನಾವು ಅಂಥವರಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಅಜ್ಜಿಯ ಕೈ ಕೆಳಗಿಳಿಯಿತು. ಕಣ್ಣಲ್ಲಿ ನೀರು ತುಂಬಿತು.

ಮೀಸೆಯವನು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಏನ್ ಸಾರ್ ನೀವು, ಓದಿರೋರು! ಕೋಳಿ ಈಸ್ಕಂಡ್ರೆ ಕೆಲಸ ಆಯ್ತದೆ ಅಂತ. ಬ್ಯಾಡ ಅಂದ್ರೆ ಒಲ ಓಯ್ತು ಅಂತಾನೇ ಅಲ್ವಾ? ಪಕ್ಕದೂರಾಗೆ ಇಂಗೇ ಬ್ಯಾಡ ಅಂದೋರು ಮುಂದಿನ್ ವಾರ ಬೇಲಿ ಆಕುದ್ರು."

ಸಾಹೇಬರಿಗೆ ಹೇಳಿದೆ, ಈ ಹುಂಜವನ್ನು ನಾವು ತೆಗೆದುಕೊಳ್ಳದಿದ್ದರೆ ಅಜ್ಜಿ ಬಿತ್ತುವುದಿಲ್ಲ. ಅವರು ಗಾಬರಿಯಾದರು. ಅದು ಲಂಚ, ತಮ್ಮ ಕಂಪನಿ ಒಪ್ಪುವುದಿಲ್ಲ ಅಂದರು. ಲಂಚ ತೆಗೆದುಕೊಳ್ಳಲು ನಾವೇನು ಅಧಿಕಾರಿಗಳೇ ಅಂದೆ. ಅಧಿಕಾರಿಗಳಲ್ಲದ ಮೇಲೆ ತೆಗೆದುಕೊಳ್ಳುವುದು ಮೋಸ ಅಂದರು. ಸರಿ, ಬದಲಿಗೆ ನಾವೂ ಏನಾದರೂ ಕೊಡೋಣ ಅಂದು ಜೇಬಿಗೆ ಕೈ ಹಾಕಿದೆ. ಕೊಟ್ಟರೆ ಅಜ್ಜಿ ಅದನ್ನೇ ಜಮೀನಿನ ಪರಿಹಾರ ಅಂದುಕೊಳ್ಳುತ್ತಾಳೆ ಎಂದು ಮೀಸೆಯವನು ಎಚ್ಚರಿಸಿದ. ಕೊಡುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆಯಾದೆವು. ಜಗಳದ ನಡುವೆ ಹುಂಜ ಕೂಗಿತು.

ಕೊನೆಗೆ ಸಾಹೇಬರೇ ಉಸಿರುಬಿಟ್ಟು ಎರಡೂ ಕೈ ಚಾಚಿದರು. ಮಗುವನ್ನು ಎತ್ತಿಕೊಳ್ಳುವಂತೆ ಹುಂಜವನ್ನು ಎದೆಗವಚಿಕೊಂಡರು. ಅದು ಅವರ ಗಲ್ಲಕ್ಕೆ ಕುಕ್ಕಿತು. "ಸಾಕು, ಸಾಕು!" ಎಂದು ಕೂಗಿದರು. ಸೇರಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಅಜ್ಜಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಅವಳ ಮುಖ ಅರಳಿದ್ದು ಕಂಡು ನನಗೆ ಎಷ್ಟು ಹಗುರವಾಯಿತೆಂದರೆ, ಕೈಗೆ ಸಿಕ್ಕಿದ್ದರೆ ಆ ಹುಂಜಕ್ಕೆ ಮುತ್ತು ಕೊಡುತ್ತಿದ್ದೆ.

ಅಜ್ಜಿ ಹುಂಜದ ಕಾಲು ಕಟ್ಟಿ, ತಲೆ ಮಾತ್ರ ಹೊರಗಿರುವಂತೆ ಸಾಹೇಬರ ಬೆನ್ನಿನ ಚೀಲಕ್ಕೆ ಇಳಿಸಿದಳು. ಹೊರಡಬೇಕು, ಅಷ್ಟರಲ್ಲಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಒಂದು ಕೋಳಿಗೆ ಎಷ್ಟು ವರ್ಸ ಬುಡ್ತೀರಾ ಸಾಮಿ?"

ನಾನು ಸಾಹೇಬರ ಕಡೆ ತಿರುಗಿದೆ. ಅವಳೇ ಮುಂದುವರಿಸಿದಳು. "ಜಾಸ್ತಿ ಬ್ಯಾಡ. ನಾನಿರೋಗಂಟ ಬುಟ್ರೆ ಸಾಕು. ಆಮೇಕೆ ನಾನೇನು ಕೇಳಾಕೆ ಬತ್ತೀನಾ?"

ಸಾಹೇಬರು ಅಜ್ಜಿ ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದು ಅಜ್ಜಿಯ ಕಡೆ ತಿರುಗಿದೆ.

"ಆಯ್ತಮ್ಮ, ನೀವಿರೋ ತನಕ" ಅಂದೆ. ಹಾಗೆ ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಎತ್ತು ಹೂಡಲು ಮೀಸೆಯವನಿಗೆ ಹೇಳಿ, ಬೀಜ ತರಲು ಗುಡಿಸಿಲಿನೊಳಕ್ಕೆ ಹೋದಳು.