ಕೊಲ್ಲಮೊಗ್ರಿನಿಂದ ಬಂದ ಒಂದೇ ಪತ್ರ

ಶನಿವಾರ ಬೆಳಿಗ್ಗೆ ಏಳೂವರೆಗೆ ಪುತ್ತೂರಿನಲ್ಲಿ ಕಡಬದ ಬಸ್ ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದುಕೊಟ್ಟರು, ಸೀಟು ಮಾತ್ರ ಸಿಗಲಿಲ್ಲ. ನರಿಮೊಗರಿನವರೆಗೆ ಶಾಲೆ ಮಕ್ಕಳ ಬ್ಯಾಗುಗಳ ನಡುವೆ ಒಂಟಿ ಕಾಲಿನಲ್ಲಿ ನಿಂತೆ. ಸವಣೂರಿನಲ್ಲಿ ಕೂತೆ, ಆಲಂಕಾರಿನ ಹೊತ್ತಿಗೆ ನಿದ್ದೆ ಹೋಗಿದ್ದೆ. ಕಡಬದಲ್ಲಿ ಪಕ್ಕದ ಹೆಂಗಸು ತಟ್ಟಿ ಎಬ್ಬಿಸಿದರು. ಮಾರ್ಚ್ ತಿಂಗಳ ಸೆಕೆ. ಒಂಬತ್ತು ಗಂಟೆಗೇ ಬೆನ್ನು ಒದ್ದೆಯಾಗಿತ್ತು.

ನನ್ನನ್ನು ಕರೆಸಿದವಳು ಸಫ್ವಾನ. ಕಾಲೇಜಿನಲ್ಲಿ ನಾವಿಬ್ಬರು ಚರ್ಚಾಸ್ಪರ್ಧೆಯ ಜೋಡಿ, ಅವಳು ಪರ, ನಾನು ವಿರೋಧ. ಈಗ ಅವಳು ಕಡಬದಾಚೆ ಗುಡ್ಡದ ಮೇಲಿರುವ ಒಂದು ಸಮುದಾಯ ರೇಡಿಯೊದಲ್ಲಿ ದಿನಾ ಸಂಜೆ ಐದರಿಂದ ಆರರವರೆಗೆ ಹರೆಯದವರಿಗೆಂದು ಕುಣಿತದ ಹಾಡು ಹಾಕುತ್ತಾಳೆ. ಆ ಗಂಟೆಯನ್ನು ನಿಲ್ಲಿಸಿ ಕೃಷಿ ಮಾಹಿತಿಗೆ ಕೊಡುವುದೋ ಬೇಡವೋ ಎಂದು ಅಂದು ಮೂರು ಗಂಟೆಗೆ ಸಮಿತಿ ತೀರ್ಮಾನಿಸಲಿತ್ತು. ಅವಳ ಪರವಾಗಿ ನಾನು ಮಾತಾಡಬೇಕಂತೆ. ನಿಜ ಹೇಳಿದರೆ ನನ್ನ ಅಭಿಪ್ರಾಯ ಸಮಿತಿಯದ್ದೇ ಆಗಿತ್ತು. ಕುಣಿಯುವ ಹಾಡು ಬೇಕಾದವರ ಕೈಯಲ್ಲಿ ಫೋನ್ ಇರುವಾಗ ರೇಡಿಯೊ ಯಾಕೆ?

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಸಜ್ಜಿಗೆ ಅವಲಕ್ಕಿ ತಿನ್ನುತ್ತಾ ಕೇಳಿದೆ. "ಯಾರಾದರೂ ಕೇಳ್ತಾರೆ ಅನ್ನುದಕ್ಕೆ ಪುರಾವೆ ಎಂತ ಉಂಟು?"

"ಒಂದು ಪತ್ರ ಉಂಟು."

"ಹೊಗಳಿ ಬರೆದದ್ದಾ?"

"ಬೈದು."

ಕೊಲ್ಲಮೊಗ್ರಿನ ಆರು ಹುಡುಗಿಯರ ಕುಣಿತದ ತಂಡ ಬರೆದ ಪತ್ರ ಅದು. ನಿಮ್ಮ ರೇಡಿಯೊದ ಆ ಹುಡುಗಿಯಿಂದಾಗಿ ಸುಳ್ಯದ ಸ್ಪರ್ಧೆಯಲ್ಲಿ ನಮ್ಮ ಮಾನ ಹೋಯಿತು ಎಂದಿತ್ತು. ಹೇಗೆ ಹೋಯಿತು ಎಂದು ಬರೆದಿರಲಿಲ್ಲ. ಸಮಿತಿಯ ಕೈಯಲ್ಲಿ ಇದೊಂದೇ ಕಾಗದ. ಎದುರು ಪಕ್ಷದ ದಾಖಲೆಯನ್ನು ಓದದೆ ವಾದಕ್ಕೆ ನಿಲ್ಲುವವಳಲ್ಲ ನಾನು. "ಹೋಗಿ ಕೇಳುವ" ಎಂದೆ.

ಸಫ್ವಾನಳ ಸ್ಕೂಟರಿನಲ್ಲಿ ಹೊರಟೆವು. ಸುಬ್ರಹ್ಮಣ್ಯ ದಾಟಿ ಕೊಲ್ಲಮೊಗ್ರಿಗೆ ಸುಮಾರು ಮೂವತ್ತೈದು ಕಿಲೋಮೀಟರು. ಅರ್ಧ ದಾರಿಯಲ್ಲೇ ಸೊಂಟ ಹಿಡಿಯಿತು. ಸುಬ್ರಹ್ಮಣ್ಯದಲ್ಲಿ ಒಂದೊಂದು ಎಳನೀರು ಕುಡಿದೆವು. ಅಲ್ಲಿಂದ ಮುಂದೆ ಫೋನಿನ ನೆಟ್‌ವರ್ಕ್ ಒಂದು ತಿರುವಿನಲ್ಲಿ ಬಂದು ಮುಂದಿನದ್ದರಲ್ಲಿ ಹೋಗುತ್ತಿತ್ತು. ಇವಳ ರೇಡಿಯೊ ಕೂಡ ಕೊಲ್ಲಮೊಗ್ರಿನವರೆಗಷ್ಟೇ ಸಿಗುತ್ತದೆ, ಅಲ್ಲಿನ ಗುಡ್ಡದ ಆಚೆಗಿಲ್ಲ.

ತಂಡದ ಮುಖ್ಯಸ್ಥೆ ಭವ್ಯ ಭಜನಾ ಮಂದಿರದ ಹಿಂದಿನ ಸಿಮೆಂಟು ಚಾವಡಿಯಲ್ಲಿ ಸಿಕ್ಕಿದಳು. ಹತ್ತೊಂಬತ್ತರ ಹುಡುಗಿ. ಸಫ್ವಾನ ಹೆಸರು ಹೇಳುವ ಮೊದಲೇ, ಬರೇ "ನಮಸ್ಕಾರ" ಎಂದ ಸ್ವರಕ್ಕೇ ಗುರುತು ಹಿಡಿದಳು.

"ಓ ನೀವೇಯಾ! ಬನ್ನಿ, ನಮ್ಮ ಮಾನ ತೆಗೆದವರು."

"ನಾನೆಂತ ಮಾಡಿದೆ ಮಾರಾಯ್ತಿ?"

"ಎಂತ ಮಾಡಿದ್ರಾ? ಮಾತಾಡಿದ್ದು!"

ವಿಷಯ ಹೀಗೆ. ಕುಣಿತ ಕಲಿಯುವವರಿಗೆ ಅನುಕೂಲವಾಗಲಿ ಎಂದು ಸಫ್ವಾನ ಒಂದು ತಿಂಗಳಿಡೀ ಒಂದೇ ಹಾಡಿನಿಂದ ಕಾರ್ಯಕ್ರಮ ಶುರುಮಾಡುತ್ತಾಳೆ. ಹಾಡಿನ ಮೊದಲಿನ ಬರಿಯ ವಾದ್ಯದ ಮೇಲೆ ಅವಳ ಮಾತು ಬರುತ್ತದೆ, ದಿನಾ ಅದೇ ಮಾತು. ಮಂದಿರದ ಸ್ಪೀಕರಿಗೆ ರೇಡಿಯೊ ಸಿಕ್ಕಿಸಿ ಈ ಆರು ಮಂದಿ ಅದಕ್ಕೇ ಕಲಿತರು. ಭವ್ಯ ಸೊಂಟಕ್ಕೆ ಕೈಯಿಟ್ಟು ಸಫ್ವಾನಳ ಧಾಟಿಯಲ್ಲೇ ಒಪ್ಪಿಸಿದಳು. "ಕೆಲಸ ಇದ್ರೆ ಬದಿಗಿಡಿ, ಬೇಜಾರಿದ್ರೆ ಹೊರಗಿಡಿ, ಕಾಲು ಮಾತ್ರ ಒಳಗೆ ತನ್ನಿ, ಬನ್ನಿ!" 'ಬನ್ನಿ' ಎಂದ ಕೂಡಲೇ ಅವಳ ಬಲಗಾಲು ತಾನಾಗಿ ಮುಂದೆ ಬಂತು.

"ಸ್ಪರ್ಧೆಗೇಂತ ಸುಳ್ಯದ ಅಂಗಡಿಯಲ್ಲಿ ಒಂದು ಸಾಲು ಹಾಡಿ ತೋರಿಸಿ ಆ ಹಾಡು ಪೆನ್‌ಡ್ರೈವಿಗೆ ಹಾಕಿಸಿದ್ದು. ಸ್ಟೇಜಿನಲ್ಲಿ ವಾದ್ಯ ಶುರುವಾಯ್ತು. ಇವರ 'ಬನ್ನಿ' ಬರುದೇ ಇಲ್ಲ! ಕಾದೆವು. ಮೂವರು ಅಂದಾಜಿಗೆ ಹೊರಟರು, ಮೂವರು ಕಂಬದ ಹಾಗೆ. ಒಬ್ಬಳು ಅಲ್ಲೇ ಕೂಗಿದಳು, ಅಕ್ಕ ಇನ್ನೂ ಹೇಳ್ಲಿಲ್ಲಾಂತ."

ನನಗೆ ನಗು ತಡೆಯಲಾಗಲಿಲ್ಲ. ಸಫ್ವಾನ ನಗಲಿಲ್ಲ. "ಸಾರಿ" ಎಂದಳು. "ನೀವು ಕೇಳ್ತೀರಿ ಅಂತಲೇ ನನಗೆ ಗೊತ್ತಿರಲಿಲ್ಲ."

"ಕೇಳದೆ ಮತ್ತೆಂತ?" ಎಂದಳು ಭವ್ಯ. ಉಪ್ಪು ಹಾಕಿದ ಮಜ್ಜಿಗೆ ತಂದುಕೊಟ್ಟಳು. ನನ್ನ ತಲೆ ಆಗಲೇ ವಾದ ಕಟ್ಟುತ್ತಿತ್ತು. ಮಜ್ಜಿಗೆ ಮುಗಿಸಿದವಳೇ ಸ್ಕೂಟರು ಹತ್ತಿದೆ.

ರೇಡಿಯೊ ನಿಲಯ ಎಂದರೆ ಎರಡು ಕೋಣೆ ಮತ್ತು ಒಂದು ಕಬ್ಬಿಣದ ಗೋಪುರ. ಸಮಿತಿಯಲ್ಲಿ ಮೂವರು ಗಂಡಸರು, ನಡುವೆ ಅಧ್ಯಕ್ಷ ಪದ್ಮಯ್ಯ ಮಾಷ್ಟ್ರು. ಫ್ಯಾನು ಅವರ ಕಡೆಗೇ ತಿರುಗಿತ್ತು. ಒಂದು ವರ್ಷದಲ್ಲಿ ಬಂದ ಪತ್ರ ಒಂದು, ಅದೂ ದೂರು, ಎಂದರು ಅವರು.

ನಾನು ಎದ್ದು ನಿಂತು ಸುಳ್ಯದ ಸ್ಟೇಜಿನಲ್ಲಿ ಆದದ್ದನ್ನು ಹೇಳಿದೆ. "ಸರ್, ಆ ದೂರೇ ನಮ್ಮ ಸಾಕ್ಷಿ. ಹೊಗಳಿಕೆಯ ಪತ್ರವನ್ನು ಒಮ್ಮೆ ಕೇಳಿದವರೂ ಬರೆಯಬಹುದು. ಈ ಹುಡುಗಿಯರು ಮಾಡಿದ ತಪ್ಪು ಮಾಡಬೇಕಾದರೆ ತಿಂಗಳಿಡೀ ದಿನಾ ಐದು ಗಂಟೆಗೆ ರೇಡಿಯೊ ಎದುರು ನಿಲ್ಲಬೇಕು. ಮಾತು ಯಾವುದು, ಹಾಡು ಯಾವುದು ಎಂದು ಬೇರೆ ಮಾಡಲಾಗದಷ್ಟು ಕೇಳಿದ್ದಾರೆ. ನಿಮ್ಮ ಯಾವ ಕೃಷಿ ಮಾಹಿತಿಯನ್ನು ಯಾರು ಹೀಗೆ ಬಾಯಿಪಾಠ ಮಾಡಿದ್ದಾರೆ?"

ಇಬ್ಬರು ಸದಸ್ಯರು ತಲೆಯಾಡಿಸಿದರು. ಮಾಷ್ಟ್ರು ಪತ್ರವನ್ನು ಮತ್ತೊಮ್ಮೆ ಓದಿ ಮಡಚಿದರು.

"ಸರಿ ಮಗಾ. ಒಳ್ಳೇದು ಹೇಳಿದೆ. ಕಾರ್ಯಕ್ರಮ ಇರಲಿ. ತೊಂದರೆ ಆದದ್ದು ಮಾತಿನಿಂದ ಅಲ್ವಾ? ಹಾಡು ಮಾತ್ರ ಹಾಕುವ. ಇವತ್ತಿಂದಲೇ. ಕಲಿಯುವವರಿಗೆ ಪೂರ್ತಿ ಹಾಡು ಸಿಗ್ತದೆ."

ತೊಂದರೆ ಮಾತಿನದ್ದು ಎಂದು ಸಾಬೀತು ಮಾಡಿದವಳು ನಾನೇ. ನಾನು ಭವ್ಯಳಲ್ಲಿ ಏನಾಯಿತು ಎಂದು ಕೇಳಿದ್ದೆ. ಮಾತು ನಿಲ್ಲಬೇಕೇ ಎಂದು ಕೇಳಿರಲಿಲ್ಲ, ಕೇಳಲು ಪುರುಸೊತ್ತು ಮಾಡಿಕೊಂಡಿರಲಿಲ್ಲ.

ಹೊರಗೆ ಬಂದ ಮೇಲೆ ಹೇಳಿದೆ. "ಒಂದು ಗಂಟೆ ಉಳೀತಲ್ಲ ಮಾರಾಯ್ತಿ."

"ಹೌದು" ಎಂದಳು ಸಫ್ವಾನ. "ಹಾಡು ಕಂಪ್ಯೂಟರಿಗೆ ಸಾಲಾಗಿ ಹಾಕಿಟ್ರೆ ಆಯ್ತು. ಇನ್ನು ನಾನು ಬರುದು ಯಾಕೆ ಅಂತ ಯೋಚಿಸ್ತಾ ಇದ್ದೇನೆ." ಕೋಪದ ಮಾತಲ್ಲ ಅದು, ದಣಿದವಳ ಮಾತು. ನನ್ನನ್ನು ಕಡಬಕ್ಕೆ ಬಿಟ್ಟು ಐದಕ್ಕೆ ಮೊದಲು ನಿಲಯ ತಲುಪಬೇಕೆಂದು ಸ್ಕೂಟರು ತಿರುಗಿಸಿ ಹೋದಳು.

ಪುತ್ತೂರಿನ ಬಸ್ಸಿಗೆ ಹೊತ್ತಿತ್ತು. ಗೋಳಿಬಜೆ ತಿಂದು, ಚಾ ಕುಡಿದು, ಬಸ್‌ಸ್ಟ್ಯಾಂಡಿನ ಬದಿಯ ಟೈಲರ್ ಅಂಗಡಿಯ ಜಗಲಿಯಲ್ಲಿ ಕೂತೆ. ಟೈಲರಿಗೆ ಅರುವತ್ತು ದಾಟಿರಬೇಕು. ಶಾಲೆಯ ಚಡ್ಡಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದರು. ಐದಕ್ಕೆ ಸರಿಯಾಗಿ ಕೈಚಾಚಿ ರೇಡಿಯೊ ಹಾಕಿದರು. ವಾದ್ಯ ಶುರುವಾಯಿತು, ಅದರ ಮೇಲೆ ಯಾರೂ ಮಾತಾಡಲಿಲ್ಲ, ಹಾಡು ಬಂತು.

"ಇವತ್ತು ಆ ಹುಡುಗಿ ಇಲ್ವಾ?" ಎಂದರು, ನನಗೋ ಮೆಷಿನಿಗೋ. "ಜ್ವರವೋ ಎಂತದೋ."

"ನೀವೂ ಕುಣಿಯುವ ಹಾಡು ಕೇಳ್ತೀರಾ?" ಎಂದೆ.

"ಅಯ್ಯೋ, ಹಾಡು ಯಾರಿಗೆ ಬೇಕು ಮಾರಾಯ್ರೆ, ತಲೆ ಸಿಡಿತದೆ. ಅವಳು ನಡುನಡುವೆ ಮಾತಾಡ್ತಾಳೆ, ಅದಕ್ಕೆ ಹಾಕುದು."

ಇದನ್ನು ಮೂರು ಗಂಟೆಗೆ ಸಮಿತಿಯ ಎದುರು ಹೇಳುವವರು ಬೇಕಿತ್ತು. ಅಷ್ಟರಲ್ಲಿ ಬಸ್ ಬಂತು. ಈ ಸಲ ಕಿಟಕಿಯ ಬದಿ ಸೀಟು ಸಿಕ್ಕಿತು. ಬಸ್ ಹೊರಡುವಾಗ ತಿರುಗಿ ನೋಡಿದೆ. ಮೊದಲ ಹಾಡು ಮುಗಿಯುತ್ತಿತ್ತು. ಟೈಲರ್ ಮೆಷಿನ್ ನಿಲ್ಲಿಸಿ, ಬಟ್ಟೆಯಿಂದ ಕೈ ತೆಗೆದು, ರೇಡಿಯೊದ ಕಡೆಗೆ ಬಾಗಿದ್ದರು. ಎರಡನೆಯ ಹಾಡು ಶುರುವಾಯಿತು.