ದುಪ್ಪಟಿಯ ಮೂಲೆಯಲ್ಲಿದ್ದ ಹೆಸರು

ಬೀದಿಯವರೆಲ್ಲ ಅವಳನ್ನು ಗರಿಗರಿಯಕ್ಕ ಎಂದು ಕರೆಯುತ್ತಾರೆ. ಅವಳು ಇಸ್ತ್ರಿ ಮಾಡಿದ ಅಂಗಿಯ ಕಾಲರು ತೊಟ್ಟವನ ಕುತ್ತಿಗೆಗೇ ಬುದ್ಧಿ ಹೇಳುವಷ್ಟು ನೆಟ್ಟಗಿರುತ್ತದೆ. ಅವಳ ಮಾತೂ ಹೆಚ್ಚುಕಡಿಮೆ ಹಾಗೆಯೇ.

ಮದುವೆಯಾಗಿ ಬಂದ ಲಾಗಾಯ್ತು ಆ ಮನೆಯ ಬಟ್ಟೆ ಒಗೆದವಳು ಅವಳೇ. ಆಗ ಅದು ಕೆಲಸ ಅನ್ನಿಸಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ "ಮನೇಲೇ ಇದ್ದಾಳೆ" ಅಂದರೆ ಮುಗಿಯುತ್ತಿತ್ತು. ಒಂದು ದಿನ ಪಕ್ಕದ ಮನೆಯ ದಂತವೈದ್ಯೆ ತನ್ನ ಬಿಳಿ ಕೋಟಿಗೆ ಹತ್ತಿದ ಔಷಧದ ಹಳದಿ ಹೋಗುತ್ತಿಲ್ಲವೆಂದು ಗೋಳಾಡಿದಳು. ಗರಿಗರಿಯಕ್ಕ ಅದನ್ನು ಸಂಜೆಯೊಳಗೆ ತೆಗೆದುಕೊಟ್ಟಳು. ವೈದ್ಯೆ ಬೇಡವೆಂದರೂ ದುಡ್ಡು ಕೈಗಿಟ್ಟು ಹೋದಳು. ಅದೇ ಕಲ್ಲು, ಅದೇ ಬಕೆಟ್ಟು, ಅದೇ ನಡುನೋವು ಅಂದಿನಿಂದ ವ್ಯಾಪಾರವಾಯಿತು.

ಗಂಡ ಬಸ್ಸು ಓಡಿಸುತ್ತಾನೆ. ಒಳ್ಳೆಯವನೇ. ಆದರೆ ಹಿತ್ತಲಿಗೆ ದೊಡ್ಡ ಮಿಷನ್ನು ಬಂದ ಮೇಲೆ ಹೆಂಡತಿಗೆ ಇನ್ನೇನು ಕೆಲಸ ಎಂಬ ಅನುಮಾನ ಅವನಿಗೆ. "ಒಗೆಯೋದೆಲ್ಲ ಮಿಷನ್ನೇ ಅಲ್ವಾ" ಎಂದು ಅವನು ಒಮ್ಮೆ ಅಂದಿದ್ದಕ್ಕೆ, "ಬಸ್ಸು ಓಡೋದೆಲ್ಲ ಇಂಜಿನ್ನೇ ಅಲ್ವಾ" ಎಂದು ಅವಳು ಕೇಳಿದ್ದಳು.

ಹಿತ್ತಲಿನ ತಗಡಿನ ಮಾಡಿನ ಕೆಳಗೆ ಅತ್ತೆಯ ಕುರ್ಚಿ. ಅತ್ತೆಗೆ ಮಂಡಿ ಕೈಕೊಟ್ಟಿದೆ, ಕಣ್ಣು ಇನ್ನೂ ಕೈಕೊಟ್ಟಿಲ್ಲ. ಬಂದ ಬಟ್ಟೆಯ ಅಂಚಿಗೆಲ್ಲ ಬಣ್ಣದ ದಾರದ ಒಂದು ಹೊಲಿಗೆ ಹಾಕುವುದು ಆಕೆಯ ಪಾಲು: ದಂತವೈದ್ಯೆಯ ಮನೆಗೆ ಹಸಿರು, ಮೂಲೆಯ ಕ್ಷೌರದಂಗಡಿಗೆ ಕೆಂಪು, ಹೀಗೆ. ಬಟ್ಟೆ ನೂರು ಮನೆಯದಿದ್ದರೂ ದಾರ ನೋಡಿದರೆ ಧಣಿ ಯಾರೆಂದು ತಿಳಿಯುತ್ತದೆ. ಒಂದು ಕರವಸ್ತ್ರವೂ ಅದಲುಬದಲಾಗಿಲ್ಲ ಎಂಬುದು ಆ ಅತ್ತೆ ಸೊಸೆ ಒಟ್ಟಿಗೆ ಹೆಮ್ಮೆಪಡುವ ಒಂದೇ ಸಂಗತಿ. ಮಿಕ್ಕಿದ್ದಕ್ಕೆಲ್ಲ ಇಬ್ಬರೂ ಬೇರೆ ಬೇರೆಯಾಗಿಯೇ ಹೆಮ್ಮೆಪಡುತ್ತಾರೆ.

ಬೀದಿಯ ತುದಿಯಲ್ಲಿ ಹೊಸ ವಸತಿಗೃಹವೊಂದು ತೆರೆದಾಗ ಗರಿಗರಿಯಕ್ಕನ ಆಸೆಗೆ ರೆಕ್ಕೆ ಬಂತು. ಅಲ್ಲಿನ ಕೋಣೆಗಳ ದುಪ್ಪಟಿ, ದಿಂಬಿನ ಚೀಲ, ಟವೆಲ್ಲು ಎಲ್ಲ ತನಗೇ ಸಿಕ್ಕರೆ ಹಿತ್ತಲನ್ನು ಬಿಟ್ಟು ಒಂದು ಮಳಿಗೆ ಹಿಡಿಯಬಹುದು. ಅಡುಗೆಮನೆಯಿಂದ ಕೂಗಿದರೆ ಕೇಳಿಸದಷ್ಟು ದೂರದ ಮಳಿಗೆ. ವಸತಿಗೃಹದ ಮ್ಯಾನೇಜರಮ್ಮ ಮಾತು ಕಡಿಮೆಯ ಹೆಂಗಸು. "ವೆಬ್‌ಸೈಟ್ ಇದ್ರೆ ಕಳ್ಸಿ, ನೋಡಿ ಹೇಳ್ತೀನಿ" ಎಂದಳು.

ವೆಬ್‌ಸೈಟ್ ಇರಲಿಲ್ಲ, ನಾದಿನಿ ಇದ್ದಳು. ಮುದ್ರಣದಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಜಾಹೀರಾತಿನ ಹಾಳೆಗಳನ್ನು ಜೋಡಿಸುವುದು ಅವಳ ಕೆಲಸ. ರಜಾ ದಿನ ಅತ್ತಿಗೆಯ ಪಕ್ಕ ಕೂತು ಒಂದೇ ಪಟ್ಟಿಗೆ ವೆಬ್‌ಸೈಟ್ ಕಟ್ಟಿಬಿಟ್ಟಳು. ಅದಕ್ಕೊಂದು ಚಿತ್ರ ಬೇಕಲ್ಲ? ಹುಡುಕಿದಾಗ ಫೋನಿನಲ್ಲಿ ರಾಶಿ ರಾಶಿ ಬಿದ್ದವು. ಅದರಲ್ಲಿ ಒಂದು ಇಬ್ಬರಿಗೂ ಹಿಡಿಸಿಬಿಟ್ಟಿತು. ಗುಡ್ಡದ ಮೇಲೆ ಹಸಿರು ಹುಲ್ಲು, ನೀಲಿ ಆಕಾಶ, ನಡುವೆ ಹಗ್ಗದ ತುಂಬ ಬಿಳಿ ದುಪ್ಪಟಿಗಳು ಗಾಳಿ ಕುಡಿದು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ತಮ್ಮ ಹಿತ್ತಲಿನಲ್ಲೋ, ಹಗ್ಗದ ಹಿಂದೆ ಪಕ್ಕದ ಮನೆಯ ನೀರಿನ ಟ್ಯಾಂಕು, ಕೆಳಗೆ ಬಿರಿದ ಸಿಮೆಂಟು. ನಮ್ಮದನ್ನು ಹಾಕಿದರೆ ಇರುವ ಗಿರಾಕಿಗಳೂ ಓಡಿಹೋಗುತ್ತಾರೆ ಎಂದು ನಾದಿನಿ ಅಂದಳು. ಅತ್ತಿಗೆ ಒಪ್ಪಿದಳು.

ಆದರೆ ಕೊನೆಯ ದುಪ್ಪಟಿಯ ಅಂಚಿನಲ್ಲಿ ತೆಳ್ಳಗೆ ಬೂದುಬಣ್ಣದ ಅಕ್ಷರಗಳಿದ್ದವು. ಬಿಳಿಯ ಮೇಲೆ ಏನಿದ್ದರೂ ಗರಿಗರಿಯಕ್ಕನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

"ಮೂಲೇಲಿ ಅದೇನೋ ಕೊಳಕು ಕೂತಿದೆ ನೋಡು."

"ಕೊಳಕಲ್ಲ ಅತ್ತಿಗೆ, ಹೆಸರು. ಫೋಟೋ ತೆಗೆದವರದು."

"ಬಿಳಿ ದುಪ್ಪಟಿ ಮೇಲೆ ಯಾರಾದ್ರೂ ಹೆಸರು ಬರೀತಾರೇನೆ? ಹೊಟೇಲಿನವರು ನೋಡಿದ್ರೆ ಇವಳಿಗೆ ಕಲೆ ತೆಗೆಯೋಕೇ ಬರಲ್ಲ ಅಂತಾರೆ. ಹೋಗಿಸೋಕಾಗಲ್ವಾ?"

ಆಗುತ್ತಿತ್ತು. ಅದಕ್ಕೊಂದು ಆ್ಯಪ್ ಇತ್ತು, ಬೆರಳಿನಿಂದ ಉಜ್ಜಿದರೆ ಸಾಕಂತೆ. ಫೋನನ್ನು ಗರಿಗರಿಯಕ್ಕ ತಾನೇ ಕೈಗೆ ತೆಗೆದುಕೊಂಡಳು. ಕಾಲರಿನ ಜಿಡ್ಡು ಉಜ್ಜುವ ಹಾಗೆ, ಅಂಚಿನಿಂದ ಒಳಕ್ಕೆ, ಹೆಬ್ಬೆರಳಿನಲ್ಲಿ ಉಜ್ಜಿದಳು. ಸಾಬೂನಿಲ್ಲ, ನೀರಿಲ್ಲ, ದುಪ್ಪಟಿ ಹಾಲಿನಂತಾಯಿತು. ಜೀವಮಾನದಲ್ಲಿ ಇಷ್ಟು ಸಲೀಸಾಗಿ ಒಂದು ಕಲೆಯನ್ನೂ ತೆಗೆದಿರಲಿಲ್ಲವೆಂದು ಅವಳು ಬೀಗಿದಳು.

ಮ್ಯಾನೇಜರಮ್ಮ ನೋಡಿದಳು, ಚೆನ್ನಾಗಿದೆ ಅಂದಳು, ಮುಂದಿನ ಸೋಮವಾರ ಹೇಳುತ್ತೇನೆ ಅಂದಳು. ಅವಳಿಗಿಂತ ಮೊದಲು ಬೇರೆಯವರು ಹೇಳಿದರು.

ಬಂದದ್ದು ಇ-ಮೇಲು. ದೂರದ ಊರಿನ ಒಬ್ಬ ಫೋಟೋಗ್ರಾಫರ್ ಹೆಂಗಸು ಬರೆದಿದ್ದಳು. ಆ ಚಿತ್ರ ತನ್ನದು, ಬಳಸಲು ತಾನು ಯಾರಿಗೂ ಅನುಮತಿ ಕೊಟ್ಟಿಲ್ಲ, ಬಳಸಿದ್ದಕ್ಕೆ ಶುಲ್ಕ ಕೊಡಬೇಕು, ವಾರದೊಳಗೆ ಉತ್ತರ ಬಾರದಿದ್ದರೆ ವೆಬ್‌ಸೈಟಿಗೆ ಜಾಗ ಕೊಟ್ಟ ಕಂಪನಿಗೆ ದೂರು ಕೊಟ್ಟು ಅದನ್ನೇ ಮುಚ್ಚಿಸುವುದಾಗಿ ತಿಳಿಸಿದ್ದಳು. ಕೊನೆಗೆ ಒಂದು ಸಾಲು: ಕದಿಯುವವರು ಬಹಳ ಮಂದಿ, ಹೆಸರನ್ನು ಇಷ್ಟು ಅಚ್ಚುಕಟ್ಟಾಗಿ ಒರೆಸಿ ಕದ್ದವರು ನೀವೇ ಮೊದಲು.

ಕದ್ದವರು ಎಂಬ ಮಾತು ಗರಿಗರಿಯಕ್ಕನ ಎದೆಗೆ ನಾಟಿತು. ಊರಿನವರ ಒಳಬಟ್ಟೆ ಹೊರಬಟ್ಟೆ ನಂಬಿ ಬಿಟ್ಟುಹೋಗುವ ಮನೆ ಅದು. ಜೇಬಿನಲ್ಲಿ ಸಿಕ್ಕ ಚಿಲ್ಲರೆಯನ್ನೂ ಕಾಗದದಲ್ಲಿ ಸುತ್ತಿ ಹಿಂದಿರುಗಿಸುವ ಮನೆ. ಸೋಮವಾರದೊಳಗೆ ಈ ಮಾತು ವಸತಿಗೃಹದ ಬಾಗಿಲಿಗೆ ಹೋದರೆ ದುಪ್ಪಟಿಯೂ ಇಲ್ಲ, ಮಳಿಗೆಯೂ ಇಲ್ಲ. ಇದ್ದ ಗಿರಾಕಿಗಳ ಮುಖವನ್ನಾದರೂ ಹೇಗೆ ನೋಡುವುದು?

ಆ ಸಂಜೆ ಅಡುಗೆಮನೆಯಲ್ಲಿ ಸಭೆ ಸೇರಿತು. ಗರಿಗರಿಯಕ್ಕ ಈರುಳ್ಳಿ ಹೆಚ್ಚುತ್ತಿದ್ದಳು, ಉಳಿದವರು ಸಲಹೆ ಕೊಡುತ್ತಿದ್ದರು. ಸಲಹೆ ಹೆಚ್ಚಾಯಿತು, ಹೆಚ್ಚುವ ಕೈ ಒಂದೇ ಉಳಿಯಿತು.

ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿದ್ದಿದ್ದನ್ನು ಎತ್ತಿಕೊಂಡರೆ ಕಳ್ಳತನ ಹೇಗಾಗುತ್ತದೆ ಎಂಬುದು ಗಂಡನ ವಾದ. ಅತ್ತೆ ಬಾಗಿಲಿಗೆ ಒರಗಿ ಕೂತಿದ್ದವಳು, ಮಗನ ಕಡೆ ತಿರುಗಿಯೂ ನೋಡದೆ ಹೇಳಿದಳು:

"ನಮ್ಮ ಹಗ್ಗದ ಮೇಲಿರೋದೂ ಬೀದಿಗೆಲ್ಲ ಕಾಣುತ್ತೆ ಕಣೋ. ಕಂಡಿದ್ದೆಲ್ಲ ಎತ್ಕೊಂಡು ಹೋಗೋ ಹಾಗಿದ್ರೆ ನಿನ್ನ ಚಡ್ಡಿ ಯಾವತ್ತೋ ಹೋಗಿರ್ತಿತ್ತು."

ನಾದಿನಿ ಅಷ್ಟರಲ್ಲಿ ತನ್ನ ಮುದ್ರಣದಂಗಡಿಯ ಯಜಮಾನನನ್ನು ಕೇಳಿಕೊಂಡು ಬಂದಿದ್ದಳು. ಆತ ಒಂದು ಕ್ಯಾಲೆಂಡರಿನ ಚಿತ್ರದ ವಿಷಯದಲ್ಲಿ ಕೈ ಸುಟ್ಟುಕೊಂಡವನು. ಹುಡುಕಿದಾಗ ಸಿಕ್ಕಿತು ಅಂದಮಾತ್ರಕ್ಕೆ ಪುಕ್ಕಟೆ ಅಲ್ಲವಂತೆ. ಕೆಳಗೆ ಕೃಪೆ ಎಂದು ತೆಗೆದವರ ಹೆಸರು ಹಾಕಿದರೆ ಅದು ಅನುಮತಿ ಕೇಳಿದಂತೆ ಆಗುವುದಿಲ್ಲವಂತೆ. ಇವತ್ತು ತೆಗೆದುಹಾಕಿದರೆ ನಿನ್ನೆ ಬಳಸಿದ್ದು ಹೋಗುವುದಿಲ್ಲವಂತೆ. ವೆಬ್‌ಸೈಟ್ ಯಾರೇ ಕಟ್ಟಿರಲಿ, ಯಾರ ವ್ಯಾಪಾರವೋ ಅವರೇ ಉತ್ತರ ಕೊಡಬೇಕಂತೆ. ಹೆಸರು ಅಳಿಸಿದ್ದಂತೂ ಗೊತ್ತಿದ್ದೇ ಮಾಡಿದರು ಅನ್ನುವುದಕ್ಕೆ ಸಾಕ್ಷಿಯಂತೆ. ಇಷ್ಟು ಹೇಳಿ ನಾದಿನಿ ಅಳುಮೋರೆ ಮಾಡಿಕೊಂಡು, ತಾನೇ ಅಳಿಸಿದ್ದೆಂದು ಬರೆದುಬಿಡುತ್ತೇನೆ ಅಂದಳು.

ಗರಿಗರಿಯಕ್ಕನ ಚಾಕು ನಿಂತಿತು. ಅತ್ತೆಯ ಮಡಿಲಲ್ಲಿದ್ದ ದಾರದ ಉಂಡೆಗಳನ್ನು ಸುಮ್ಮನೆ ನೋಡಿದಳು.

"ಬೇರೆಯವರ ದಾರ ಬಿಚ್ಚಿದ್ದೀನಿ ನಾನು," ಎಂದಳು. "ಬಿಚ್ಚಿ ನಮ್ಮ ಹಗ್ಗಕ್ಕೆ ಹಾಕ್ಕೊಂಡಿದ್ದೀನಿ."

ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಗೆ ಹೆಸರಿಲ್ಲ. ಅವಳು ಕೈ ಒರೆಸಿಕೊಂಡು, ಚಾಕುವನ್ನು ಗಂಡನ ಮುಂದಿಟ್ಟು, ಫೋನು ಹಿಡಿದು ಹಿತ್ತಲಿಗೆ ನಡೆದಳು.

ಇ-ಮೇಲಿನ ಕೆಳಗಿದ್ದ ನಂಬರಿಗೆ ಕರೆ ಮಾಡಿದಾಗ ಫೋಟೋಗ್ರಾಫರ್ ಹೆಂಗಸಿನ ದನಿ ಮೊದಲಿಗೆ ಬಿಗಿಯಾಗಿತ್ತು. ಗರಿಗರಿಯಕ್ಕ ಸುತ್ತುಬಳಸಲಿಲ್ಲ. ಚಿತ್ರವನ್ನು ಆಗಲೇ ತೆಗೆದಾಗಿದೆ, ಶುಲ್ಕ ಎಷ್ಟೆಂದು ತಿಳಿಸಿ, ಆದರೆ ಒಂದು ವಿಷಯ ಹೇಳಬೇಕು ಎಂದಳು.

"ಹೆಸರು ಅಳಿಸಿದ್ದು ನಾನೇ, ನಮ್ಮ ನಾದಿನಿ ಅಲ್ಲ. ನಾನು ಬಟ್ಟೆ ಒಗೆಯೋಳು. ಬಿಳಿ ಮೇಲೆ ಏನೇ ಕಂಡ್ರೂ ಕೈ ತಡೆಯಲ್ಲ. ಕಲೆ ಅಂತ ಉಜ್ಜಿಬಿಟ್ಟೆ."

ಆ ಕಡೆಯಿಂದ ನಗು ಕೇಳಿಸಿತು. ತಡೆಯಲು ಹೋಗಿ ಸೋತವರ ನಗು. ಆಮೇಲೆ ಅವಳು ತನ್ನ ಕಥೆ ಹೇಳಿದಳು. ಆ ದುಪ್ಪಟಿಗಳೆಲ್ಲ ಅವಳ ಮನೆಯವೇ. ಒಗೆದವಳೂ ಅವಳೇ. ಒದ್ದೆಬಟ್ಟೆಯ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಗುಡ್ಡ ಹತ್ತಿದ್ದಳು. ಹಗ್ಗ ಕಟ್ಟುವ ಹೊತ್ತಿಗೆ ಗಾಳಿ ನಿಂತುಹೋಯಿತು, ಗಾಳಿ ಬರುವ ಹೊತ್ತಿಗೆ ಕಾಗೆ ಬಂತು. ಇಳಿದು ಬಂದು ಒಂದನ್ನು ಮತ್ತೆ ಒಗೆದು ಮತ್ತೆ ಹತ್ತಿದಳು. ನೋಡಿದವರೆಲ್ಲ "ಒಂದು ಬಟನ್ ಒತ್ತೋದಕ್ಕೆ ಇಷ್ಟು ದುಡ್ಡಾ" ಅನ್ನುತ್ತಾರಂತೆ.

"ಒಗೆಯೋದೆಲ್ಲ ಮಿಷನ್ನೇ ಅಂತಾರೆ ನಮ್ಮನೇಲಿ," ಎಂದಳು ಗರಿಗರಿಯಕ್ಕ.

ಅಲ್ಲಿಂದ ಮಾತು ಇಳಿಜಾರು ಸಿಕ್ಕ ನೀರಿನ ಹಾಗೆ ಹರಿಯಿತು. ನೀಲಿ ಎಷ್ಟು ಹಾಕಿದಿರಿ, ಹಿಂಡಿ ಹಾಕಿದಿರಾ ಹಾಗೇ ಹಾಕಿದಿರಾ ಎಂದು ಇವಳು ಕೇಳಿದಳು. ಮೂರನೆಯ ದುಪ್ಪಟಿಯ ಹಿಂಬದಿಗೆ ತುಕ್ಕಿನ ಕಲೆಯಿದೆ, ಅದಕ್ಕೇ ಹಿಂದುಮುಂದಾಗಿ ಹಾಕಿದ್ದೆ ಎಂದು ಅವಳು ಒಪ್ಪಿಕೊಂಡಳು. ನಿಂಬೆರಸ, ಉಪ್ಪು, ಒಂದು ಮಧ್ಯಾಹ್ನದ ಬಿಸಿಲು ಎಂದು ಇವಳು ಮದ್ದು ಹೇಳಿಕೊಟ್ಟಳು. ಅಷ್ಟಾದರೂ ಫೋಟೋಗ್ರಾಫರ್ ಶುಲ್ಕವನ್ನು ಕಡಿಮೆ ಮಾಡಿದಳೇ ಹೊರತು ಬಿಡಲಿಲ್ಲ. ಗರಿಗರಿಯಕ್ಕನಿಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ನೆಂಟರೆಂದು ಪುಕ್ಕಟೆ ಒಗೆಸಿಕೊಂಡು ಹೋಗುವವರನ್ನು ಅವಳು ಬಹಳ ಕಂಡಿದ್ದಳು.

ಇನ್ನೊಂದಿಷ್ಟು ಕೊಟ್ಟರೆ ಹೆಸರು ಸಮೇತ ಚಿತ್ರವನ್ನು ವರ್ಷವಿಡೀ ಇಟ್ಟುಕೊಳ್ಳಬಹುದು ಎಂದೂ ಫೋಟೋಗ್ರಾಫರ್ ಹೇಳಿದಳು. ಗರಿಗರಿಯಕ್ಕ ಬೇಡ ಅಂದಳು. ಬೇರೆಯವಳು ಒಗೆದ ದುಪ್ಪಟಿ ತೋರಿಸಿ ತಾನು ಕೆಲಸ ಕೇಳುವುದು ಅವಳಿಗೆ ಒಗ್ಗಲಿಲ್ಲ.

ಮರುದಿನ ಬೆಳಿಗ್ಗೆ ತಾನೇ ವಸತಿಗೃಹಕ್ಕೆ ಹೋಗಿ ನಡೆದದ್ದನ್ನು ಹೇಳಿದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಇದು ವಾಸಿ. ಮ್ಯಾನೇಜರಮ್ಮ ಮುಖದಲ್ಲಿ ಏನನ್ನೂ ತೋರಿಸದೆ ಕೇಳಿಸಿಕೊಂಡು, "ನಿಮ್ಮದೇ ಫೋಟೋ ಹಾಕಿ. ಸೋಮವಾರ ನೋಡ್ತೀನಿ" ಎಂದಳು.

ಶನಿವಾರ ನಾದಿನಿ ಫೋನು ಹಿಡಿದು ಹಿತ್ತಲಿಗಿಳಿದಳು. ಅವಳು ತೆಗೆದದ್ದರಲ್ಲೆಲ್ಲ ನೀರಿನ ಟ್ಯಾಂಕೇ ನಾಯಕ, ದುಪ್ಪಟಿ ಅದರ ಹಿಂದೆ ನಾಚಿಕೊಂಡಿತ್ತು. ಬೇಸತ್ತು ಫೋನನ್ನು ಅಮ್ಮನ ಕೈಗೆ ಕೊಟ್ಟು ನೀರು ಕುಡಿಯಲು ಹೋದಳು. ಹಿಂದಿರುಗಿ ನೋಡಿದರೆ ಫೋನಿನಲ್ಲೊಂದು ಹೊಸ ಚಿತ್ರವಿತ್ತು. ಅತ್ತೆಯ ಕುರ್ಚಿ ತಗ್ಗಿನದು, ಅಲ್ಲಿಂದ ಟ್ಯಾಂಕು ಕಾಣುವುದಿಲ್ಲ. ಕಂಡದ್ದು ಸೊಸೆಯ ಎತ್ತಿದ ಎರಡು ತೋಳು, ಒದ್ದೆ ದುಪ್ಪಟಿಯನ್ನು ಕೊಡವಿದ ಕ್ಷಣ, ಹಾರಿದ ಹನಿಗಳು ಬಿಸಿಲಿನಲ್ಲಿ ಹೊಳೆಯುತ್ತಿದ್ದವು. ಗರಿಗರಿಯಕ್ಕ ಬಹಳ ಹೊತ್ತು ನೋಡಿದಳು. ಕೆಲಸ ಮಾಡುವಾಗ ತಾನು ಹೇಗೆ ಕಾಣುತ್ತೇನೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ಚಿತ್ರದ ಅಂಚಿನಲ್ಲಿ ಮಾತ್ರ ಒಂದು ಅಡ್ಡಿಯಿತ್ತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಗಂಡ ಕಾಲಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

ಅಣ್ಣನನ್ನು ಕತ್ತರಿಸಿಬಿಡೋಣ ಎಂದು ನಾದಿನಿ ಬೆರಳು ತಂದಳು. ಅತ್ತೆ ಫೋನಿನ ಮೇಲೆ ಕೈ ಅಡ್ಡ ಇಟ್ಟಳು.

"ನನ್ನ ಕೇಳಿದ್ಯಾ? ತೆಗೆದವಳು ನಾನು. ಹಾಕೋದಿದ್ರೆ ಇದ್ದ ಹಾಗೇ ಹಾಕು. ಮನೇಲಿ ಏನು ನಡೆಯುತ್ತೋ ಅದೇ ಬಂದಿದೆ."

ಗಂಡ ಎದ್ದುನಿಂತ. ಕತ್ತರಿಸಲೇಬೇಕು ಅಂದ. ಬಸ್ಸಿನ ಡಿಪೋದವರು ನೋಡಿದರೆ ತನ್ನ ಮಾನ ಹರಾಜು ಎಂದು ಗೋಗರೆದ. ಕೊನೆಗೆ, ಚಿತ್ರದಲ್ಲಿ ಇರುವವರನ್ನು ಕೇಳಬೇಡವೇ ಎಂದು ತಂಗಿಗೆ ಸವಾಲು ಹಾಕಿದ. ಕೇಳಬೇಕು, ವ್ಯಾಪಾರಕ್ಕೆ ಬಳಸುವುದಾದರೆ ಅವರನ್ನೂ ಕೇಳುವುದೇ ಸರಿ ಎಂದು ತಂಗಿ ಒಪ್ಪಬೇಕಾಯಿತು. ತೆಗೆದವಳು ಕತ್ತರಿಸಲು ಬಿಡಳು, ಕೂತವನು ಹಾಕಲು ಬಿಡನು. ಸೋಮವಾರ ಹತ್ತಿರ ಬರುತ್ತಿತ್ತು.

ದಾರಿ ಕಂಡುಹಿಡಿದವಳು ಗರಿಗರಿಯಕ್ಕ. "ಹಾಗಾದ್ರೆ ಇನ್ನೊಂದು ತೆಗೀಲಿ. ನೀವು ಬಕೆಟ್ಟಿಂದ ಎದ್ದು ದುಪ್ಪಟಿಯ ಆ ತುದಿ ಹಿಡೀರಿ."

ಭಾನುವಾರ ಅವನು ಹಿಡಿದ. ಒದ್ದೆ ದುಪ್ಪಟಿ ಅಷ್ಟು ಭಾರವೆಂದು ಅವನಿಗೆ ಯಾರು ಹೇಳಿದ್ದರು? ಬಿಗಿ ಹಿಡಿದರೆ ಇವಳ ಕೈಯಿಂದ ಜಾರಿತು, ಸಡಿಲ ಬಿಟ್ಟರೆ ನೆಲಕ್ಕೆ ತಾಗಿ ಮತ್ತೆ ಮಿಷನ್ನಿಗೆ ಹೋಯಿತು. ಅತ್ತೆ ಕುರ್ಚಿಯಲ್ಲಿ ಕೂತು ಬೆಳಕು ಸಾಲದು, ಮೋಡ ಸರಿಯಲಿ, ಮುಖ ಹುಳ್ಳಗೆ ಮಾಡಬೇಡ ಎಂದು ಆಜ್ಞೆ ಮಾಡುತ್ತಿದ್ದಳು. ಅವನ ತೋಳು ನಡುಗತೊಡಗಿದಾಗ, ಇದನ್ನು ದಿನಾ ಎಷ್ಟು ಹಾಕುತ್ತೀಯ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ. ಲೆಕ್ಕ ಇಟ್ಟಿಲ್ಲ ಎಂದಳು. ಅವನು ಮತ್ತೆ ಮಿಷನ್ನಿನ ಮಾತೆತ್ತಲಿಲ್ಲ. ಆ ಹೊತ್ತಿಗೆ ಗಾಳಿ ಬೀಸಿ ದುಪ್ಪಟಿ ಇಬ್ಬರ ತಲೆಯ ಮೇಲೂ ಬಂದು ಕೂತಿತು. ಒಳಗಿನಿಂದ ಎರಡು ನಗು ಕೇಳಿಸಿದವು. ಅತ್ತೆ ಬಟನ್ ಒತ್ತಿದ್ದು ಆಗಲೇ.

ಚಿತ್ರದಲ್ಲಿ ಬಿಳಿ ದುಪ್ಪಟಿಯ ಕೆಳಗೆ ನಾಲ್ಕು ಕಾಲು, ಮೇಲೆ ಎರಡು ತಲೆಯ ಉಬ್ಬು, ನಡುವೆ ಒಂದು ಮೊಣಕೈ. ನಾದಿನಿ ಅಮ್ಮನನ್ನು ಕೇಳಿದಳು, ಅಣ್ಣನನ್ನು ಕೇಳಿದಳು, ಅತ್ತಿಗೆಯನ್ನು ಕೇಳಿದಳು. ಮೂವರೂ ಹೂಂ ಅಂದ ಮೇಲೆ ಹಾಕಿದಳು.

ಸೋಮವಾರ ಮ್ಯಾನೇಜರಮ್ಮನೇ ಫೋನು ಮಾಡಿದಳು. ಬುಧವಾರದಿಂದ ಒಂದು ಮಹಡಿಯ ಬಟ್ಟೆ ಕಳಿಸುತ್ತೇನೆ, ಸರಿಹೋದರೆ ಪೂರ್ತಿ ನಿಮಗೇ ಎಂದಳು. ಗರಿಗರಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು:

"ಮೂಟೆ ಭಾರ ಇರುತ್ತೆ. ಫೋಟೋದಲ್ಲಿರೋ ಆ ಕೆಲಸದವರು ಬರ್ತಾರಾ ತಗೊಂಡು ಹೋಗೋಕೆ?"

ಕೆಲಸದವರು ಹೊಸಿಲ ಮೇಲೆ ಕೂತು ತೋಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಗರಿಗರಿಯಕ್ಕ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಬರ್ತಾರೆ," ಎಂದಳು. "ಬೆಳಿಗ್ಗೆ ಡ್ಯೂಟಿಗೆ ಹೋಗೋಕೆ ಮುಂಚೆ."